ಒಂಬತ್ತು ಊರು ಬೇಡ, ಆರು ಸಾಕು: ಎರಡೂವರೆ ಲಕ್ಷದಲ್ಲಿ ಯುರೋಪ್ ಬೇಸಿಗೆ

ಪ್ರಶ್ನೆ: ನನಗೆ 24 ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ನಾನು, ನನ್ನ ಗೆಳತಿ ಸೇರಿ ಮುಂದಿನ ಜೂನ್‌ನಲ್ಲಿ ಮೂರು ವಾರ ಯುರೋಪ್ ಸುತ್ತಬೇಕು ಅಂತಿದ್ದೇವೆ. ತಲಾ ಎರಡೂವರೆ ಲಕ್ಷ ಕೂಡಿಟ್ಟಿದ್ದೇವೆ. ಲಂಡನ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಪ್ರಾಗ್, ಇಂಟರ್‌ಲಾಕೆನ್, ವೆನಿಸ್, ರೋಮ್, ಬಾರ್ಸಿಲೋನಾ ನಮ್ಮ ಪಟ್ಟಿಯಲ್ಲಿವೆ. ಇಷ್ಟು ದುಡ್ಡಲ್ಲಿ ಆಗುತ್ತಾ? ಹಲವು ದೇಶಗಳ ರೈಲಿಗೆ ನಡೆಯುವ ಯೂರೇಲ್ ಪಾಸ್ ತಗೊಳ್ಳಬೇಕಾ? ಇಬ್ಬರೂ ಸಸ್ಯಾಹಾರಿಗಳು, ಊಟಕ್ಕೆ ಏನು ಮಾಡೋದು? ಹಾಸ್ಟೆಲ್‌ನಲ್ಲಿ ಉಳಿದುಕೊಳ್ತೇವೆ ಅಂದರೆ ಅಮ್ಮ ಗಾಬರಿಯಾಗ್ತಾರೆ.

ಉತ್ತರ: ಎರಡೂವರೆ ಲಕ್ಷದಲ್ಲಿ ಮೂರು ವಾರ ಯುರೋಪ್ ಖಂಡಿತ ಆಗುತ್ತೆ. ಈ ಪಟ್ಟಿ ಹಿಡಿದುಕೊಂಡು ಹೊರಟರೆ ಮಾತ್ರ ಆಗಲ್ಲ.

ಒಂದು ನಕ್ಷೆ ತೆಗೆದು ನಿಮ್ಮ ಒಂಬತ್ತು ಊರಿಗೆ ಚುಕ್ಕಿ ಇಡಿ. ಬಾರ್ಸಿಲೋನಾ ಒಂದು ಮೂಲೆ, ಬರ್ಲಿನ್ ಇನ್ನೊಂದು ಮೂಲೆ. ನಡುವೆ ನೇರ ಅಂತರವೇ ಸುಮಾರು 1,500 ಕಿಲೋಮೀಟರ್. ಯುರೋಪ್‌ನ ಹೆಚ್ಚಿನ ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾದಲ್ಲಿ ಲಂಡನ್ ಬರುವುದೇ ಇಲ್ಲ, ಅದಕ್ಕೆ ಬ್ರಿಟನ್ನಿನ ವೀಸಾ ಬೇರೆ ಮಾಡಿಸಬೇಕು. ಅದರ ಶುಲ್ಕವೂ ಬೇರೆ. ಒಂಬತ್ತು ಊರು ಅಂದರೆ ಎಂಟು ಸಲ ಜಾಗ ಬದಲಾವಣೆ. ಪ್ರತಿ ಸಲವೂ ಬೆಳಗ್ಗೆ ಹತ್ತು, ಹನ್ನೊಂದಕ್ಕೆ ಹಾಸಿಗೆ ಖಾಲಿ ಮಾಡಬೇಕು, ಮುಂದಿನ ಊರಲ್ಲಿ ಮಧ್ಯಾಹ್ನ ಎರಡು, ಮೂರು ಗಂಟೆವರೆಗೆ ಹಾಸಿಗೆ ಸಿಗಲ್ಲ. ಆ ದಿನ ಹೆಚ್ಚುಕಡಿಮೆ ರೈಲಿಗೇ ಹೋಯಿತು. ಟಿಕೆಟ್ ದುಡ್ಡು ಹೋಯಿತು, ಹಸಿವಾಗಿ ಸ್ಟೇಷನ್‌ನಲ್ಲಿ ದುಬಾರಿ ಸ್ಯಾಂಡ್‌ವಿಚ್ ತಿಂದಿದ್ದೂ ಆಯಿತು. ನಿಮ್ಮ ವಯಸ್ಸಿನವರ ದುಡ್ಡು ಯುರೋಪ್‌ನಲ್ಲಿ ಕರಗುವುದು ಓಡಾಟದಲ್ಲಿ. ಒಂದು ಊರಲ್ಲಿ ನಾಲ್ಕು ದಿನ ಕೂತರೆ ಅಷ್ಟು ಖರ್ಚಾಗುವುದೇ ಇಲ್ಲ.

ಅದಕ್ಕೇ ನನ್ನ ಸಲಹೆ: ಒಂದು ಕಡೆಯಿಂದ ಹಿಡಿದು ಸಾಲಾಗಿ ಬರುವ ಊರುಗಳನ್ನು ಆರಿಸಿಕೊಳ್ಳಿ. ರೋಮ್ ನಾಲ್ಕು ರಾತ್ರಿ, ವೆನಿಸ್ ಎರಡು, ಸ್ಲೊವೇನಿಯಾದ ಲ್ಯುಬ್ಲಿಯಾನಾ ಮೂರು, ಬುಡಾಪೆಸ್ಟ್ ನಾಲ್ಕು, ವಿಯೆನ್ನಾ ನಾಲ್ಕು, ಪ್ರಾಗ್ ಮೂರು. ಒಟ್ಟು ಇಪ್ಪತ್ತು ರಾತ್ರಿ, ಐದೇ ಸಲ ಜಾಗ ಬದಲಾವಣೆ. ಎಲ್ಲೂ ವಿಮಾನ ಬೇಡ, ರೈಲು ಮತ್ತು ಬಸ್ಸು ಸಾಕು. ಎಲ್ಲವೂ ಒಂದೇ ಷೆಂಗೆನ್ ವೀಸಾದೊಳಗೆ. ನಿಮ್ಮ ಪಟ್ಟಿಯ ಮೂರು ಊರು ಇದರಲ್ಲಿ ಉಳಿದವು. ಹೊಸದಾಗಿ ಸೇರಿದ ಮೂರರಲ್ಲಿ ಬುಡಾಪೆಸ್ಟ್ ಪ್ಯಾರಿಸ್‌ಗಿಂತ ತುಂಬಾ ಅಗ್ಗ. ಇಂಟರ್‌ಲಾಕೆನ್ ಬದಲು ಲ್ಯುಬ್ಲಿಯಾನಾ ಯಾಕೆ ಅಂದರೆ, ಅಲ್ಲಿಂದ ಬಸ್ಸಿನಲ್ಲಿ ಹೊರಟರೆ ಒಂದೂಕಾಲು ಗಂಟೆ ಆಸುಪಾಸಿನಲ್ಲಿ ಬ್ಲೆಡ್ ಸರೋವರ. ಸುತ್ತ ಆಲ್ಪ್ಸ್, ನಡುವೆ ದ್ವೀಪ, ದ್ವೀಪದ ಮೇಲೆ ಚರ್ಚು. ಇನ್ನೂ ಸ್ವಲ್ಪ ಮುಂದೆ ಹೋದರೆ ಬೋಹಿನ್ ಸರೋವರ, ಅಲ್ಲಿ ಜನ ಕಡಿಮೆ, ನೀರಿಗಿಳಿದು ಈಜಬಹುದು. ಸ್ವಿಟ್ಜರ್ಲೆಂಡ್‌ನಲ್ಲಿ ಒಂದೊಂದು ಬೆಟ್ಟದ ರೈಲಿಗೂ ಕೊಡುವ ದುಡ್ಡಿನಲ್ಲಿ ಇಲ್ಲಿ ಎರಡು ದಿನ ಕಳೆಯಬಹುದು.

ಪ್ಯಾರಿಸ್ ನೋಡದೆ ಬರಲು ಮನಸ್ಸಿಲ್ಲ ಅಂದರೆ ಅದೂ ಸರಿಯೇ. ಆಗ ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್ ಅಂತ ಇನ್ನೊಂದು ಸಾಲು ಹಿಡಿಯಿರಿ. ಆದರೆ ಬೇಸಿಗೆಯಲ್ಲಿ ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ಗಳಲ್ಲಿ ಡಾರ್ಮ್ (ಹಲವರು ಒಟ್ಟಿಗೆ ಮಲಗುವ ಕೋಣೆ) ಹಾಸಿಗೆಗೇ 45, 60 ಯೂರೋ ಕೇಳುತ್ತಾರೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅದರ ಮೇಲೆ 12.5 ಶೇಕಡಾ ಪ್ರವಾಸಿ ತೆರಿಗೆ ಬೇರೆ. ಅದೇ ಎರಡೂವರೆ ಲಕ್ಷಕ್ಕೆ ಎರಡು ವಾರ ಅಂದುಕೊಳ್ಳಿ. ಎರಡೂ ಸಾಲನ್ನು ಒಂದೇ ಪ್ರವಾಸಕ್ಕೆ ತುರುಕಬೇಡಿ.

ರೋಮ್‌ನಿಂದ ಶುರು ಮಾಡಿ ಪ್ರಾಗ್‌ನಲ್ಲಿ ಮುಗಿಸಿ ಎನ್ನಲು ಎರಡು ಕಾರಣ ಇವೆ. ಒಂದು ಬಿಸಿಲು. ಜೂನ್ ಕೊನೆಗೆ ಬಂದರೆ ರೋಮ್ ಕಾದ ಕಾವಲಿ. ಇತ್ತೀಚಿನ ವರ್ಷಗಳಲ್ಲಿ ದಕ್ಷಿಣ ಯುರೋಪ್‌ನಲ್ಲಿ ಬಿಸಿಗಾಳಿ ಬೇಗ ಬರುತ್ತಿದೆ, ಅಗ್ಗದ ಹಾಸ್ಟೆಲ್‌ಗಳಲ್ಲಿ ಎ.ಸಿ. ಇರುತ್ತದೆ ಅಂತ ನಂಬುವ ಹಾಗಿಲ್ಲ. ಮೇ ಕೊನೆ ವಾರ ಅಥವಾ ಜೂನ್ ಮೊದಲ ವಾರ ರೋಮ್ ಮುಗಿಸಿ ಉತ್ತರಕ್ಕೆ ಸಾಗಿದರೆ ಬಿಸಿಲು ಹಿಂದೆ ಉಳಿಯುತ್ತದೆ. ಎರಡನೆಯದು ವೀಸಾ. ಷೆಂಗೆನ್ ನಿಯಮದ ಪ್ರಕಾರ ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ದಿನಗಳು ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಈ ಸಾಲಿನಲ್ಲಿ ರೋಮ್, ವೆನಿಸ್ ಸೇರಿ ಇಟಲಿಯಲ್ಲಿ ಆರು ರಾತ್ರಿ, ಇಳಿಯುವುದೂ ಇಟಲಿಯಲ್ಲೇ. ಗೊಂದಲವೇ ಇಲ್ಲ, ಅರ್ಜಿ ಇಟಲಿಗೆ. ‘ಆ ದೇಶದವರು ಬೇಗ ಕೊಡ್ತಾರಂತೆ’ ಅಂತ ಯಾರೋ ಹೇಳಿದರೆಂದು ಬೇರೆ ದೇಶಕ್ಕೆ ಅರ್ಜಿ ಹಾಕಿ, ಸುಳ್ಳು ಬುಕಿಂಗ್ ತೋರಿಸಬೇಡಿ. ತಿರಸ್ಕಾರವಾದರೆ ಅದು ಮುಂದಿನ ಅರ್ಜಿಗಳಲ್ಲೂ ಕಾಡುತ್ತದೆ.

ವೀಸಾ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಜೊತೆಗೆ ಅರ್ಜಿ ಕೇಂದ್ರದ ಸೇವಾಶುಲ್ಕ. ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚು ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಹೊರಡುವ ದಿನಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನ ಮುಂಚೆಯಾದರೂ ಹಾಕಿರಲೇಬೇಕು. ಬೇಸಿಗೆ ಹತ್ತಿರವಾದಂತೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ಫೆಬ್ರವರಿ, ಮಾರ್ಚ್‌ನಲ್ಲೇ ಮುಗಿಸಿ. ಸಣ್ಣ ವಯಸ್ಸಿನವರ ಅರ್ಜಿಯಲ್ಲಿ ಅಧಿಕಾರಿ ಮುಖ್ಯವಾಗಿ ನೋಡುವುದು ಇವರು ವಾಪಸ್ ಬರ್ತಾರಾ ಅಂತ. ಕೆಲಸದ ಕಡೆಯಿಂದ ರಜೆ ಮಂಜೂರಾದ ಪತ್ರ, ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಇಡಿ. ಅರ್ಜಿಗೆ ಒಂದು ವಾರ ಮುಂಚೆ ಯಾರಿಂದಲೋ ಸಾಲ ತಂದು ಖಾತೆಗೆ ಎರಡು ಲಕ್ಷ ಹಾಕುವ ಕೆಲಸ ಮಾತ್ರ ಬೇಡ. ಅದು ಸ್ಟೇಟ್‌ಮೆಂಟ್‌ನಲ್ಲಿ ಎದ್ದು ಕಾಣುತ್ತದೆ. ತಿಂಗಳು ತಿಂಗಳು ನೀವೇ ಕೂಡಿಟ್ಟ ಹಣ ಹಾಗೇ ಇರಲಿ, ಅದೇ ಒಳ್ಳೆ ಸಾಕ್ಷಿ.

ಈಗ ಲೆಕ್ಕಕ್ಕೆ ಬರೋಣ. ಒಂದು ಯೂರೋಗೆ 105 ರೂಪಾಯಿ ಅಂತ ಹಿಡಿಯೋಣ. ವಿಮಾನ ಹೋಗಿಬರುವುದಕ್ಕೆ 70,000. ಇದರಲ್ಲಿ ರೋಮ್‌ನಲ್ಲಿ ಇಳಿದು ಪ್ರಾಗ್‌ನಿಂದ ಹತ್ತುವ ಮಲ್ಟಿ ಸಿಟಿ ಟಿಕೆಟ್ ಹುಡುಕಿ. ಸಾಮಾನ್ಯವಾಗಿ ಹೋದ ಊರಿಂದಲೇ ವಾಪಸಾಗುವ ಟಿಕೆಟ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇರುವುದಿಲ್ಲ, ಪ್ರಾಗ್‌ನಿಂದ ರೋಮ್‌ಗೆ ಮತ್ತೆ ಓಡುವ ಖರ್ಚು ಉಳಿಯುತ್ತದೆ. ವೀಸಾ, ವಿಮೆ ಎಲ್ಲ ಸೇರಿ 15,000. ಉಳಿದದ್ದು 1,65,000, ಅಂದರೆ ಸುಮಾರು 1,570 ಯೂರೋ. ಹಾಸಿಗೆಗೆ ರೋಮ್‌ನಲ್ಲಿ ರಾತ್ರಿಗೆ 40, ವಿಯೆನ್ನಾದಲ್ಲಿ 35, ಬುಡಾಪೆಸ್ಟ್‌ನಲ್ಲಿ 22 ಹೀಗೆ ಸರಾಸರಿ ಹಿಡಿದರೆ ಇಪ್ಪತ್ತು ರಾತ್ರಿಗೆ 630. ಊರಿಂದ ಊರಿಗೆ 150. ಊಟಕ್ಕೆ ದಿನಕ್ಕೆ 22ರಂತೆ 440. ಊರೊಳಗಿನ ಮೆಟ್ರೋ, ಟ್ರಾಮ್‌ಗೆ 100. ಮ್ಯೂಸಿಯಂ, ಕೋಟೆ, ಬ್ಲೆಡ್ ಬಸ್ಸು ಇತ್ಯಾದಿಗೆ 150. ಒಟ್ಟು 1,470. ಕೈಯಲ್ಲಿ 100 ಯೂರೋ ಉಳಿಯುತ್ತದೆ. ಬಿಗಿ ಲೆಕ್ಕವೇ, ಆದರೆ ನಡೆಯುತ್ತದೆ. ಶಾಪಿಂಗ್ ಇದರಲ್ಲಿ ಇಲ್ಲ ಅನ್ನುವುದು ನೆನಪಿರಲಿ.

ಯೂರೇಲ್ ಪಾಸ್ ವಿಷಯ. 27 ವರ್ಷದವರೆಗೆ ಯುವ ದರ ಇದೆ, ನಿಮಗೆ ಸಿಗುತ್ತದೆ. ಆದರೂ ಒಂದು ತಿಂಗಳಲ್ಲಿ ಏಳು ದಿನ ಓಡಾಡುವ ಪಾಸ್‌ಗೆ ಮುನ್ನೂರು ಯೂರೋ ಹತ್ತಿರ ಆಗುತ್ತದೆ. ಇಟಲಿಯ ಫ್ರೆಚ್ಚಾರೊಸ್ಸಾ, ಫ್ರಾನ್ಸಿನ ಟಿ.ಜಿ.ವಿ. ಅನ್ನುವ ವೇಗದ ರೈಲುಗಳಿಗೆ, ರಾತ್ರಿ ರೈಲುಗಳಿಗೆ ಪಾಸ್ ಇದ್ದರೂ ಸೀಟ್ ರಿಸರ್ವೇಷನ್‌ಗೆ ಮತ್ತೆ ದುಡ್ಡು ಕೊಡಬೇಕು. ನಿಮ್ಮದು ಐದೇ ಪ್ರಯಾಣ. ವೆನಿಸ್‌ನಿಂದ ಲ್ಯುಬ್ಲಿಯಾನಾ, ಅಲ್ಲಿಂದ ಬುಡಾಪೆಸ್ಟ್ ಈ ಎರಡಕ್ಕೆ ಬಸ್ಸೇ ಅನುಕೂಲ, ಬಸ್ಸಿಗೆ ಪಾಸ್ ನಡೆಯುವುದಿಲ್ಲ. ಉಳಿದ ಮೂರು ರೈಲಿಗೆ ಮುಂಚೆ ಬುಕ್ ಮಾಡಿದರೆ ನೂರು ಯೂರೋ ಒಳಗೆ ಮುಗಿಯುತ್ತದೆ. ನಿಮಗೆ ಪಾಸ್ ಬೇಡ. ಯಾವ ದಿನ ಎಲ್ಲಿಗೆ ಅಂತ ಮೊದಲೇ ನಿರ್ಧರಿಸದೆ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಕಡೆ ಮನಸ್ಸು ಬಂದಂತೆ ರೈಲು ಹತ್ತಿ ಇಳಿಯುವವರಿಗೆ ಅದು ಲಾಭ, ಯಾಕಂದರೆ ಅಲ್ಲಿ ಹೆಚ್ಚಿನ ರೈಲುಗಳಿಗೆ ರಿಸರ್ವೇಷನ್ ಕಡ್ಡಾಯ ಇಲ್ಲ.

ಮುಂಚೆ ಅಂದರೆ ಎಷ್ಟು ಮುಂಚೆ? ರೋಮ್‌ನಿಂದ ವೆನಿಸ್‌ಗೆ ವೇಗದ ರೈಲಲ್ಲಿ ನಾಲ್ಕು ಗಂಟೆ ದಾರಿ. ಒಂದೂವರೆ, ಎರಡು ತಿಂಗಳು ಮೊದಲು ನೋಡಿದರೆ 30 ಯೂರೋ ಆಸುಪಾಸಿಗೆ ಸಿಗುವ ಸೀಟು, ಹೊರಡುವ ದಿನ ಅದರ ಮೂರು ಪಟ್ಟು ಆದರೂ ಆಶ್ಚರ್ಯ ಇಲ್ಲ. ಆಸ್ಟ್ರಿಯಾ ರೈಲ್ವೆಯ ಅಗ್ಗದ ಟಿಕೆಟ್‌ಗೆ ‘ಷ್ಪಾರ್‌ಶೀನ’ ಅನ್ನುತ್ತಾರೆ, ಬುಡಾಪೆಸ್ಟ್‌ನಿಂದ ವಿಯೆನ್ನಾಕ್ಕೆ ಅದನ್ನು ನೋಡಿ. ವಿಯೆನ್ನಾದಿಂದ ಪ್ರಾಗ್‌ಗೆ ರೆಜಿಯೋಜೆಟ್ ಅಂತ ಖಾಸಗಿ ರೈಲಿದೆ, ನಾಲ್ಕು ಗಂಟೆ ಚಿಲ್ಲರೆ, ದರ ಕಡಿಮೆ. ಈ ಅಗ್ಗದ ಟಿಕೆಟ್‌ಗಳಲ್ಲಿ ಹೆಚ್ಚಿನವಕ್ಕೆ ರದ್ದು ಮಾಡಿದರೆ ಹಣ ವಾಪಸ್ ಇಲ್ಲ. ಆದ್ದರಿಂದ ವೀಸಾ ಕೈಗೆ ಬರುವವರೆಗೆ ಕೊಳ್ಳಬೇಡಿ. ಹಾಸ್ಟೆಲ್ ಹಾಗಲ್ಲ. ಉಚಿತವಾಗಿ ರದ್ದು ಮಾಡಬಹುದಾದ ಬುಕಿಂಗ್ ಸಿಗುತ್ತದೆ, ವೀಸಾ ಅರ್ಜಿಗೂ ಅದೇ ಆಗುತ್ತದೆ, ಬೇಗ ಮಾಡಿಟ್ಟುಬಿಡಿ.

ಹತ್ತೊಂಬತ್ತು ಯೂರೋ ವಿಮಾನ ಟಿಕೆಟ್ ನೋಡಿ ಆಸೆಪಡುವವರಿಗೂ ಒಂದು ಮಾತು. ಆ ದರದಲ್ಲಿ ಒಂದು ಸಣ್ಣ ಬ್ಯಾಗ್ ಮಾತ್ರ ಉಚಿತ. ರಯಾನ್‌ಏರ್ ಅನ್ನುವ ಅಗ್ಗದ ವಿಮಾನ ಕಂಪನಿಯಲ್ಲಿ ಅದರ ಅಳತೆ 40, 30, 20 ಸೆಂಟಿಮೀಟರ್. ಇಳಿಸುವುದೂ ಊರಾಚೆ. ‘ಪ್ಯಾರಿಸ್ ಬೋವೆ’ ಅಂತ ಕರೆಯುವ ನಿಲ್ದಾಣ ಪ್ಯಾರಿಸ್‌ನಿಂದ ಎಂಬತ್ತು ಕಿಲೋಮೀಟರಿಗಿಂತ ದೂರ ಇದೆ. ಬ್ಯಾಗಿನ ದುಡ್ಡು, ಬಸ್ಸಿನ ದುಡ್ಡು ಸೇರಿಸಿ ನೋಡಿದ ಮೇಲೆ ರೈಲಿನ ಜೊತೆ ಹೋಲಿಸಿ.

‘26ರ ಒಳಗಿನವರಿಗೆ ಉಚಿತ’ ಅನ್ನುವ ಬೋರ್ಡ್ ಯುರೋಪ್ ತುಂಬಾ ಕಾಣುತ್ತದೆ. ಅದನ್ನು ನೋಡಿ ಬಜೆಟ್ ಮಾಡಬೇಡಿ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಆ ಸೌಲಭ್ಯ ಯುರೋಪಿಯನ್ ಆರ್ಥಿಕ ವಲಯದಲ್ಲಿ ವಾಸ ಇರುವವರಿಗೆ ಮಾತ್ರ. ಇಟಲಿಯ ಸರ್ಕಾರಿ ಮ್ಯೂಸಿಯಂಗಳಲ್ಲಿ 18ರಿಂದ 25ರವರಿಗೆ ಇರುವ 2 ಯೂರೋ ಟಿಕೆಟ್ ಕೂಡ ಯುರೋಪ್ ಒಕ್ಕೂಟದವರಿಗೆ. ಭಾರತದ ಪಾಸ್‌ಪೋರ್ಟ್ ಹಿಡಿದು ಪ್ರವಾಸಕ್ಕೆ ಹೋದವರಿಗೆ ಪೂರ್ತಿ ದರ. ಜರ್ಮನಿಯಲ್ಲೋ ಫ್ರಾನ್ಸಿನಲ್ಲೋ ಓದುತ್ತಿರುವ ನಮ್ಮ ಹುಡುಗರ ಕಥೆ ಬೇರೆ. ಅವರು ವಾಸದ ಪರ್ಮಿಟ್ ತೋರಿಸಿ ಲೂವ್ರ್‌ಗೆ ಉಚಿತವಾಗಿ ಹೋಗಬಹುದು. ಅವರು ಕೊಳ್ಳಬೇಕಾದ ಪಾಸ್ ಕೂಡ ಯೂರೇಲ್ ಅಲ್ಲ, ಯುರೋಪ್‌ನಲ್ಲಿ ವಾಸ ಇರುವವರಿಗಾಗಿ ಇರುವ ಇಂಟರ್‌ರೇಲ್.

ನಿಮಗೆ ಸಿಗುವ ಉಚಿತಗಳೂ ಕಡಿಮೆ ಏನಿಲ್ಲ. ತಿಂಗಳ ಮೊದಲ ಭಾನುವಾರ ಇಟಲಿಯ ಸರ್ಕಾರಿ ಮ್ಯೂಸಿಯಂ, ಸ್ಮಾರಕಗಳು ಎಲ್ಲರಿಗೂ ಉಚಿತ. ರೋಮ್‌ಗೆ ಹೋಗುವ ವಾರವನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು, ಜನಸಂದಣಿ ಮಾತ್ರ ವಿಪರೀತ. ಅದಕ್ಕಿಂತ ನನಗೆ ಇಷ್ಟವಾದದ್ದು ರೋಮ್‌ನ ಚರ್ಚುಗಳು. ಸಾನ್ ಲುಯಿಜಿ ದೇಯಿ ಫ್ರಾಂಚೇಸಿ ಅಂತ ಒಂದು ಚರ್ಚಿದೆ, ಪ್ಯಾಂಥಿಯನ್‌ನಿಂದ ನಾಲ್ಕು ಹೆಜ್ಜೆ. ಒಳಗೆ ಕಾರವಾಜ್ಜೊ ಬರೆದ ಸಂತ ಮ್ಯಾಥ್ಯೂವಿನ ಮೂರು ಚಿತ್ರಗಳಿವೆ. ಮೂಲ ಚಿತ್ರಗಳು, ಅವನು ಯಾವ ಗೋಡೆಗೆ ಅಂತ ಬರೆದನೋ ಅದೇ ಗೋಡೆಯ ಮೇಲೆ. ಕತ್ತಲೆಯಲ್ಲಿ ಇರುತ್ತವೆ. ಪಕ್ಕದ ಪೆಟ್ಟಿಗೆಗೆ ನಾಣ್ಯ ಹಾಕಿದರೆ ದೀಪ ಹೊತ್ತಿ ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಸಾನ್ ಪಿಯೆತ್ರೊ ಇನ್ ವಿಂಕೋಲಿ ಚರ್ಚಿನಲ್ಲಿ ಮಿಕೆಲ್ಯಾಂಜೆಲೋನ ಮೋಸೆಸ್ ಶಿಲ್ಪ ಇದೆ, ಅದಕ್ಕೂ ಟಿಕೆಟ್ ಇಲ್ಲ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಕೊಲೋಸಿಯಂಗೆ ಮಾತ್ರ ಅಧಿಕೃತ ತಾಣದಲ್ಲಿ 30 ದಿನ ಮುಂಚೆ ಟಿಕೆಟ್ ಬಿಡುಗಡೆಯಾಗುವಾಗಲೇ ತಗೊಳ್ಳಿ. ಟಿಕೆಟ್ ಮೇಲೆ ಹೆಸರು ಇರುತ್ತದೆ, ಪಾಸ್‌ಪೋರ್ಟ್ ತೋರಿಸಬೇಕು.

ವಿಯೆನ್ನಾದ ಸ್ಟೇಟ್ ಒಪೆರಾದಲ್ಲಿ ನಿಂತು ನೋಡುವ ಟಿಕೆಟ್ ಇಪ್ಪತ್ತು ಯೂರೋ ಒಳಗೆ ಸಿಗುತ್ತದೆ, ಪಕ್ಕದ ಕುರ್ಚಿಗೆ ಅದರ ಹತ್ತು ಪಟ್ಟು ಕೊಟ್ಟವರು ಕೂತಿರುತ್ತಾರೆ. ಜೂನ್ ಕೊನೆಗೆ ಅಲ್ಲಿ ಸೀಸನ್ ಮುಗಿಯುತ್ತದೆ, ಅಷ್ಟರೊಳಗೆ ಹೋಗಿ. ಬುಡಾಪೆಸ್ಟ್‌ನಲ್ಲಿ 2ನೇ ನಂಬರಿನ ಟ್ರಾಮ್ ಡ್ಯಾನ್ಯೂಬ್ ದಂಡೆಯುದ್ದಕ್ಕೂ ಓಡುತ್ತದೆ, ಪಾರ್ಲಿಮೆಂಟ್ ಕಟ್ಟಡ, ಸೇತುವೆಗಳು, ಎದುರಿನ ಕೋಟೆ ಎಲ್ಲ ಒಂದು ಟ್ರಾಮ್ ಟಿಕೆಟ್‌ನಲ್ಲಿ ಕಾಣುತ್ತವೆ. ಪ್ರಾಗ್‌ನ ಚಾರ್ಲ್ಸ್ ಸೇತುವೆಗೆ ಬೆಳಗ್ಗೆ ಐದಕ್ಕೆ ಹೋಗಿ. ಜೂನ್‌ನಲ್ಲಿ ಆ ಹೊತ್ತಿಗೆ ಸೂರ್ಯ ಹುಟ್ಟಿರುತ್ತಾನೆ, ಕಾಲಿಡಲು ಜಾಗ ಇರುತ್ತದೆ.

ವೆನಿಸ್‌ನಲ್ಲಿ ದ್ವೀಪದೊಳಗೆ ಹಾಸಿಗೆ ದುಬಾರಿ. ನೀರಿನಾಚೆ ನೆಲದ ಮೇಲಿರುವ ಮೆಸ್ತ್ರೆಯಲ್ಲಿ ಉಳಿಯಿರಿ, ರೈಲಲ್ಲಿ ಹತ್ತು, ಹನ್ನೆರಡು ನಿಮಿಷ. 2024ರಿಂದ ಬೇಸಿಗೆಯ ಕೆಲವು ದಿನ ಹಗಲು ಬಂದುಹೋಗುವ ಪ್ರವಾಸಿಗರಿಗೆ 5 ಯೂರೋ ಪ್ರವೇಶ ಶುಲ್ಕ ಇಟ್ಟಿದ್ದಾರೆ, ಕೊನೆ ಗಳಿಗೆಯಲ್ಲಿ ಕಟ್ಟಿದರೆ 10. ಮೆಸ್ತ್ರೆಯೂ ವೆನಿಸ್ ನಗರಸಭೆಗೇ ಸೇರಿದ್ದರಿಂದ ಅಲ್ಲಿ ಉಳಿದವರಿಗೆ ಈ ಶುಲ್ಕ ಇಲ್ಲ. ಆದರೆ ವಿನಾಯಿತಿಯನ್ನು ಆನ್‌ಲೈನ್‌ನಲ್ಲಿ ನೋಂದಾಯಿಸಿ ಕ್ಯು.ಆರ್. ಕೋಡ್ ಇಟ್ಟುಕೊಳ್ಳಬೇಕು. ವಾಪೊರೆತ್ತೊ ಅನ್ನುವ ದೋಣಿ ಬಸ್ಸಿನ ಒಂದು ಟಿಕೆಟ್‌ಗೆ 9.50 ಯೂರೋ. ಒಂದು ಸಲ ದೊಡ್ಡ ಕಾಲುವೆಯ ಉದ್ದಕ್ಕೂ ಹೋಗಿ, ಉಳಿದದ್ದು ನಡೆಯಿರಿ.

ಊರೊಳಗಿನ ಟಿಕೆಟ್ ವಿಷಯದಲ್ಲಿ ಉದಾಸೀನ ಬೇಡ. ವಿಯೆನ್ನಾ ಮೆಟ್ರೋಗೆ ಗೇಟೇ ಇಲ್ಲ, ಯಾರೂ ಕೇಳಲ್ಲ ಅನ್ನಿಸುತ್ತದೆ. ಮಾಮೂಲಿ ಬಟ್ಟೆಯಲ್ಲಿ ತಪಾಸಣೆಯವರು ಬರುತ್ತಾರೆ, ದಂಡ ನೂರು ಯೂರೋ ದಾಟುತ್ತದೆ. ಕಾಗದದ ಟಿಕೆಟ್ ಕೊಂಡರೆ ಯಂತ್ರಕ್ಕೆ ಕೊಟ್ಟು ಮುದ್ರೆ ಹಾಕಿಸಲೇಬೇಕು. ಟಿಕೆಟ್ ಇದ್ದೂ ಮುದ್ರೆ ಇಲ್ಲದೆ ದಂಡ ಕಟ್ಟುವವರು ಬಹಳ.

ಊಟ. ಸಸ್ಯಾಹಾರಿಗಳಿಗೆ ಈ ದಾರಿ ಕಷ್ಟ ಇಲ್ಲ. ರೋಮ್‌ನಲ್ಲಿ ಪಿಜ್ಜಾವನ್ನು ದೊಡ್ಡ ತಟ್ಟೆಯಿಂದ ಕತ್ತರಿಸಿ ತೂಕಕ್ಕೆ ಮಾರುತ್ತಾರೆ, ಬೆರಳಲ್ಲಿ ಎಷ್ಟು ಅಂತ ತೋರಿಸಿದರೆ ಸಾಕು. ಕಾಫಿಯನ್ನು ಕೌಂಟರ್ ಹತ್ತಿರ ನಿಂತೇ ಕುಡಿಯಿರಿ, ಕೂತರೆ ದರ ಬೇರೆ. ಲ್ಯುಬ್ಲಿಯಾನಾದಲ್ಲಿ ಚೀಸ್ ತುಂಬಿದ ಬುರೆಕ್ ಅನ್ನುವ ಪದರದ ತಿಂಡಿ, ಬುಡಾಪೆಸ್ಟ್‌ನಲ್ಲಿ ಎಣ್ಣೆಯಲ್ಲಿ ಕರಿದ ಲಾಂಗೋಶ್ ಅನ್ನುವ ರೊಟ್ಟಿ ಹೊಟ್ಟೆ ತುಂಬಿಸುತ್ತವೆ. ಕಡಲೆ ವಡೆಯಂಥ ಫಲಾಫೆಲ್ ಎಲ್ಲ ಕಡೆ ಸಿಗುತ್ತದೆ. ಕೇಳಿ ತಿನ್ನಬೇಕಾದವು: ರೋಮ್‌ನ ಸುಪ್ಲಿ ಅನ್ನದ ಉಂಡೆಯಲ್ಲಿ ಸಾಮಾನ್ಯವಾಗಿ ಮಾಂಸದ ಸಾಸ್ ಇರುತ್ತದೆ, ತರಕಾರಿ ಸೂಪಿಗೆ ಮಾಂಸದ ಸಾರು ಬೆರೆಸಿರುತ್ತಾರೆ, ಅಸಲಿ ಪಾರ್ಮೆಸಾನ್ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಇದನ್ನು ತಿಳಿದು ನೀವೇ ತೀರ್ಮಾನ ಮಾಡಿ.

22 ಯೂರೋದಲ್ಲಿ ದಿನ ಕಳೆಯಬೇಕಾದರೆ ದಿನಕ್ಕೆ ಒಂದು ಊಟವನ್ನಾದರೂ ಹಾಸ್ಟೆಲ್ ಅಡುಗೆಮನೆಯಲ್ಲಿ ಮಾಡಿಕೊಳ್ಳಬೇಕು. ಬುಕ್ ಮಾಡುವಾಗ ಅಡುಗೆಮನೆ ಇದೆಯಾ ನೋಡಿ. ಒಳ್ಳೆ ಹಾಸ್ಟೆಲ್‌ಗಳಲ್ಲಿ ‘ಫ್ರೀ’ ಅಂತ ಬರೆದ ಒಂದು ಕಪಾಟು ಇರುತ್ತದೆ. ಹೊರಟುಹೋಗುವವರು ಉಳಿದ ಪಾಸ್ತಾ, ಅಕ್ಕಿ, ಎಣ್ಣೆ, ಉಪ್ಪು ಅದರಲ್ಲಿ ಇಟ್ಟು ಹೋಗುತ್ತಾರೆ. ಅಂಗಡಿಗೆ ಹೋಗುವ ಮುಂಚೆ ಅದನ್ನು ತೆರೆದು ನೋಡಿ, ನೀವು ಹೊರಡುವಾಗ ನಿಮ್ಮದೂ ಇಡಿ. ಮನೆಯಿಂದ ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು. ಹಾಲಿನ ಪದಾರ್ಥಗಳನ್ನು ಹೊರದೇಶದಿಂದ ಯುರೋಪ್ ಒಕ್ಕೂಟಕ್ಕೆ ತರುವಂತಿಲ್ಲ, ಹಾಗಾಗಿ ತುಪ್ಪದ ಡಬ್ಬಿ, ಧಾರವಾಡ ಪೇಡಾ ಬ್ಯಾಗಿಗೆ ಹಾಕಬೇಡಿ. ಹಸಿ ಕರಿಬೇವೂ ಬೇಡ. ವಿಯೆನ್ನಾದಲ್ಲಿ ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲ್ವೆ ಸ್ಟೇಷನ್ನಿನೊಳಗಿನವು ಮಾತ್ರ ತೆರೆದಿರುತ್ತವೆ. ಶನಿವಾರವೇ ಕೊಂಡಿಟ್ಟುಕೊಳ್ಳಿ.

ನೀರಿಗೆ ದುಡ್ಡು ಕೊಡಬೇಡಿ. ರೋಮ್‌ನ ಬೀದಿಗಳಲ್ಲಿ ‘ನಾಸೋನೆ’ ಅನ್ನುವ ಕಬ್ಬಿಣದ ನಲ್ಲಿಗಳಿವೆ, ಎರಡು ಸಾವಿರಕ್ಕೂ ಜಾಸ್ತಿ. ಹಗಲೂ ರಾತ್ರಿ ತಣ್ಣನೆ ನೀರು ಸುರಿಯುತ್ತಿರುತ್ತದೆ. ಕೆಳಗಿನ ಬಾಯಿಯನ್ನು ಬೆರಳಿಂದ ಮುಚ್ಚಿದರೆ ಕೊಳವೆಯ ಮೇಲಿನ ಸಣ್ಣ ತೂತಿನಿಂದ ನೀರು ಕಾರಂಜಿಯಂತೆ ಮೇಲೆ ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ವಿಯೆನ್ನಾದ ನಲ್ಲಿಗೆ ಬರುವುದು ಆಲ್ಪ್ಸ್ ಬೆಟ್ಟದ ಊಟೆಯ ನೀರು. ಒಂದು ಬಾಟಲಿ ಒಯ್ದರೆ ಪ್ರವಾಸ ಪೂರ್ತಿ ಸಾಕು.

ಹಣದ ವಿಷಯ ಚಿಕ್ಕದು. ಹಂಗೇರಿಯಲ್ಲಿ ಫೋರಿಂಟ್, ಚೆಕ್‌ನಲ್ಲಿ ಕೊರುನಾ, ಉಳಿದ ಮೂರು ದೇಶದಲ್ಲಿ ಯೂರೋ. ಮೊದಲೇ ವಿದೇಶಿ ಹಣ ತುಂಬಿಸಿಟ್ಟುಕೊಳ್ಳುವ ಫಾರೆಕ್ಸ್ ಕಾರ್ಡ್ ಒಯ್ಯಿರಿ, ಜೊತೆಗೆ ಸ್ವಲ್ಪ ನಗದು ಇರಲಿ, ಹಾಸ್ಟೆಲ್‌ನ ಪ್ರವಾಸಿ ತೆರಿಗೆಯನ್ನು ಕೆಲವೆಡೆ ನಗದಿನಲ್ಲೇ ಕೇಳುತ್ತಾರೆ. ಕಾರ್ಡ್ ಯಂತ್ರ ‘ರೂಪಾಯಿಯಲ್ಲಾ, ಇಲ್ಲಿನ ಹಣದಲ್ಲಾ’ ಅಂತ ಕೇಳಿದರೆ ಯಾವಾಗಲೂ ಅಲ್ಲಿನ ಹಣ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ದರ, ಅದು ಯಾವತ್ತೂ ನಮಗೆ ನಷ್ಟ.

ಅಮ್ಮನ ಆತಂಕ ಸಹಜ. ಅವರಿಗೆ ಹಾಸ್ಟೆಲ್ ಅಂದರೆ ಏನು ಅಂತ ತೋರಿಸಿ. ಹೆಣ್ಣುಮಕ್ಕಳಿಗೆ ಮಾತ್ರ ಇರುವ ಡಾರ್ಮ್ ಹೆಚ್ಚಿನ ದೊಡ್ಡ ಹಾಸ್ಟೆಲ್‌ಗಳಲ್ಲಿ ಇದೆ. ಬಾಗಿಲಿಗೆ ಕೀ ಕಾರ್ಡ್, ಪ್ರತಿಯೊಬ್ಬರಿಗೂ ಲಾಕರ್, ರಾತ್ರಿಯಿಡೀ ರಿಸೆಪ್ಷನ್‌ನಲ್ಲಿ ಜನ ಇರುವುದನ್ನೇ ಆರಿಸಿ. ಅಲ್ಲಿ ಉಳಿದ ಹುಡುಗಿಯರು ಬರೆದ ವಿಮರ್ಶೆಗಳನ್ನು ಅಮ್ಮನ ಜೊತೆ ಕೂತು ಓದಿ. ಬೀಗ ನೀವೇ ಒಯ್ಯಿರಿ. ರಾತ್ರಿ ಹತ್ತರ ಮೇಲೆ ಹೊಸ ಊರು ತಲುಪುವ ಬಸ್ಸು ಬುಕ್ ಮಾಡಬೇಡಿ. ಈ ಊರುಗಳಲ್ಲಿ ನೀವು ನಿಜವಾಗಿ ಎಚ್ಚರ ಇರಬೇಕಾದದ್ದು ಜೇಬುಗಳ್ಳರ ಬಗ್ಗೆ, ಅದರಲ್ಲೂ ರೋಮ್‌ನ ತೆರ್ಮಿನಿ ಸ್ಟೇಷನ್, ವ್ಯಾಟಿಕನ್ ಕಡೆ ಹೋಗುವ ತುಂಬಿದ ಬಸ್ಸು, ಪ್ರಾಗ್‌ನ ಹಳೇ ಚೌಕದ ಗುಂಪು. ಪಾಸ್‌ಪೋರ್ಟ್ ಒಳಜೇಬಿನಲ್ಲಿ, ಅದರ ಒಂದು ಪ್ರತಿ ಮೊಬೈಲ್‌ನಲ್ಲಿ, ಇನ್ನೊಂದು ಅಮ್ಮನ ಹತ್ತಿರ. ತುರ್ತು ಕರೆಗೆ ಯುರೋಪ್ ಒಕ್ಕೂಟದ ಎಲ್ಲ ದೇಶದಲ್ಲೂ 112.

ರೋಮ್‌ನಲ್ಲಿ ಇಳಿದಾಗ ಹೊಸ ಗಡಿ ವ್ಯವಸ್ಥೆಯಲ್ಲಿ ಬೆರಳಚ್ಚು, ಮುಖದ ಫೋಟೋ ತೆಗೆಯುತ್ತಾರೆ. ಸಾಲು ಉದ್ದ ಇರಬಹುದು. ಹಾಸ್ಟೆಲ್ ಬುಕಿಂಗ್, ವಾಪಸ್ ಟಿಕೆಟ್, ವಿಮೆ ಮೂರನ್ನೂ ಮುದ್ರಿಸಿ ಕೈಯಲ್ಲೇ ಇಟ್ಟುಕೊಳ್ಳಿ, ಫೋನ್ ಬ್ಯಾಟರಿ ನಂಬಬೇಡಿ.

ಈಗ ಮಾಡಬೇಕಾದ ಮೊದಲ ಕೆಲಸ, ಇಬ್ಬರ ಪಾಸ್‌ಪೋರ್ಟ್ ತೆಗೆದು ನೋಡುವುದು. ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ನೀವು ಪ್ರಾಗ್ ಬಿಡುವ ದಿನದಿಂದ ಇನ್ನೂ ಮೂರು ತಿಂಗಳಾದರೂ ಅವಧಿ ಇರಬೇಕು, ಎರಡು ಪುಟ ಖಾಲಿ ಇರಬೇಕು. ಇದರಲ್ಲಿ ಒಂದು ಇಲ್ಲದಿದ್ದರೂ ಮೊದಲು ಪಾಸ್‌ಪೋರ್ಟ್ ನವೀಕರಣ, ಆಮೇಲೆ ಉಳಿದದ್ದು.